ಡೇಟ್ ಮುಂದೂಡುವ ಮಾತ್ರೆಯ ಇನ್ನೊಂದು ಕೆಲಸ

ಶಿವರಾತ್ರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಬೇಕು, ಇಲ್ಲವೇ ತಿರುಪತಿಗೆ ಟಿಕೆಟ್ ಆಗಿದೆ. ‘ಡೇಟ್ ಮುಂದಕ್ಕೆ ಹೋಗೋ ಮಾತ್ರೆ ಕೊಡಿ’ ಎಂದರೆ ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ಮೆಡಿಕಲ್‌ನವರು ಮತ್ತೆ ಕೇಳುವುದಿಲ್ಲ. ಆ ಮಾತ್ರೆ ನಾರ್‌ಎಥಿಸ್ಟಿರೋನ್. ಎಂಡೊಮೆಟ್ರಿಯೋಸಿಸ್‌ಗೂ ಅದೇ ಔಷಧ; ಆ ವಿಷಯ ಮಾತ್ರ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಹಬ್ಬಕ್ಕೆ ಅಡ್ಡಬರುವ ಮುಟ್ಟಿಗೆ ಇರುವ ಗಮನ ನೋಯುವ ಮುಟ್ಟಿಗೆ ಸಿಕ್ಕಿಲ್ಲ.

ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯ, ಕರುಳು, ಕಿಬ್ಬೊಟ್ಟೆಯ ಪೊರೆಗಳ ಮೇಲೆ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಮುಟ್ಟಾಗುವ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತೆಗೆಯುತ್ತಿದ್ದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ 1951ರಲ್ಲಿ ಲೂಯಿ ಮಿರಾಮೊಂಟೆಸ್, ಕಾರ್ಲ್ ಜೆರಾಸಿ, ಜಾರ್ಜ್ ರೋಸೆನ್‌ಕ್ರಾಂಜ್ ಸೇರಿ ನಾರ್‌ಎಥಿಸ್ಟಿರೋನ್ ತಯಾರಿಸಿದರು. 1957ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ. ಈ ಜಾತಿಯ ಔಷಧಗಳು ಗರ್ಭನಿರೋಧಕವಾಗಿ ಹೆಸರು ಮಾಡಿದ್ದು ಆಮೇಲೆ. ಗರ್ಭಿಣಿಯರಲ್ಲಿ ಎಂಡೊಮೆಟ್ರಿಯೋಸಿಸ್ ತಣ್ಣಗಾಗುತ್ತದೆ ಎಂಬ ಅನುಭವ ವೈದ್ಯರಿಗಿತ್ತು. ಬಾಸ್ಟನ್ನಿನ ರಾಬರ್ಟ್ ಕಿಸ್ಟ್ನರ್ ಅದೇ ಸ್ಥಿತಿಯನ್ನು ಹಾರ್ಮೋನು ಮಾತ್ರೆಗಳಿಂದ ತಂದು ನೋಡಿದರು.

1976ರಲ್ಲಿ ಈ ಕಾಯಿಲೆಗೆ ಡನಜೋಲ್ ಎಂಬ ಔಷಧ ಬಂತು. ನೋವು ಇಳಿಯಿತು; ತೂಕ ಏರಿತು, ಕೆಲವರಿಗೆ ಮುಖದಲ್ಲಿ ಕೂದಲು ಬಂತು, ದನಿ ಗಡುಸಾಯಿತು. ಇಂಥದ್ದನ್ನು ಗಂಡಸರ ಕಾಯಿಲೆಗೆ ಅಷ್ಟು ವರ್ಷ ಕೊಡುತ್ತಿದ್ದರೇ ಎಂಬ ಅನುಮಾನ ನನಗಂತೂ ಇದೆ. ಕುರಿ, ಹಂದಿಗಳ ಮಿದುಳಿನಿಂದ ಬೇರ್ಪಡಿಸಿದ ಹಾರ್ಮೋನೊಂದರ ಮಾದರಿಯಲ್ಲಿ ಮುಂದೆ ಲ್ಯುಪ್ರೊಲೈಡ್‌ನಂಥ ಇಂಜೆಕ್ಷನ್‌ಗಳು ಬಂದವು. ಇವು ಅಂಡಾಶಯವನ್ನೇ ಮಲಗಿಸುತ್ತವೆ. ಮುಟ್ಟು ನಿಂತವರಂತೆ ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ. ಆ ಸವೆತ ತಡೆಯಲು ಜೊತೆಗೆ ಏನು ಕೊಡುತ್ತಾರೆ? ಮತ್ತೆ ನಾರ್‌ಎಥಿಸ್ಟಿರೋನ್!

ಈಗ ಹೆಚ್ಚು ಬರೆದುಕೊಡುವ ಡೈಯೆನೊಜೆಸ್ಟ್ ಹುಟ್ಟಿದ್ದು ಪೂರ್ವ ಜರ್ಮನಿಯ ಯೇನಾದಲ್ಲಿ, 1979ರಲ್ಲಿ. ಈ ಕಾಯಿಲೆಗೆಂದೇ ಯುರೋಪ್ ಅದನ್ನು ಒಪ್ಪಿದ್ದು ಮೂವತ್ತು ವರ್ಷ ತಡವಾಗಿ. ದಿನಕ್ಕೆ 2 ಮಿಲಿಗ್ರಾಂ, ತಿಂಗಳುಗಟ್ಟಲೆ. ಆರಂಭದಲ್ಲಿ ಆಗಾಗ ರಕ್ತ ಕಾಣಿಸಿಕೊಳ್ಳಬಹುದು. ಬೇರೆ ಕೆಲವರಿಗೆ ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ಸಾಧನ ಒಗ್ಗುತ್ತದೆ. ಯಾವುದೂ ಕಾಯಿಲೆಯ ಬೇರು ಕೀಳುವುದಿಲ್ಲ, ನಿಲ್ಲಿಸಿದರೆ ನೋವು ಮರಳಬಹುದು. ಮಗು ಬೇಕೆನ್ನುವವರಿಗೆ ಈ ಹಾರ್ಮೋನು ದಾರಿ ಅಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರು ಅಂಗಡಿಯಿಂದ ತಾವಾಗಿ ತಂದು ನುಂಗಲೂಬಾರದು.

ಔಷಧಗಳು ಇಷ್ಟಿದ್ದರೂ ರಾಬರ್ಟ್‌ಸನ್‌ಪೇಟೆಯ ಕಡೆಯ ಹೆಂಗಸರಿಗೆ ಚಿಕಿತ್ಸೆಯ ದಾರಿ ಸುಲಭವಲ್ಲ. 2001ರ ಫೆಬ್ರುವರಿ 28ಕ್ಕೆ ಕೋಲಾರ ಚಿನ್ನದ ಗಣಿ ನಿಂತಿತು. ಕಂಪನಿ ಆಸ್ಪತ್ರೆಯೂ ಬಾಗಿಲು ಹಾಕಿತು. ಗಣಿ ಪ್ರದೇಶದ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಹೆಂಗಸರೂ ಇದ್ದಾರೆ. ನೋವಿನ ದಿನ ರಜೆ ಹಾಕಿದರೆ ಅಂದಿನ ಕೂಲಿ ಹೋಗುತ್ತದೆ. ಕಾಯಿಲೆ ಖಚಿತಪಡಿಸುವ ಲ್ಯಾಪರೋಸ್ಕೋಪಿಗೆಂದು ದೊಡ್ಡಾಸ್ಪತ್ರೆಯ ಸರದಿ ಕಾಯುವುದಂತೂ ಇನ್ನೂ ದುಬಾರಿ. ಆದರೆ ಯುರೋಪಿನ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಎಲ್ಲರಿಗೂ ಮೊದಲೇ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಬೇಕಿಲ್ಲ. ಲಕ್ಷಣ ಕೇಳಿ, ಪರೀಕ್ಷಿಸಿ, ಸ್ಕ್ಯಾನ್ ಮಾಡಿ ಮಾತ್ರೆ ಆರಂಭಿಸಬಹುದು. ಬಂಗಾರಪೇಟೆಯ ಸ್ತ್ರೀರೋಗ ವೈದ್ಯರ ಕೋಣೆಯಲ್ಲೇ ಆಗುವ ಕೆಲಸ ಅದು.