ಹುಲ್ಲುಹಾಸಿನ ಗುತ್ತಿಗೆ: ಮಳೆಗಾಲದ ದುಡಿಮೆ, ಬೇಸಿಗೆಯ ಬಿಲ್ಲು

ಬೆಂಗಳೂರಿನ ಕಾರ್ಖಾನೆಗಳು, ವಸತಿ ಸಮುಚ್ಚಯಗಳು ಹಾಗೂ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಆವರಣಗಳಲ್ಲಿ ಹುಲ್ಲುಹಾಸಿನ ನಿರ್ವಹಣೆಯು ಅನೇಕ ಸಣ್ಣ ಗುತ್ತಿಗೆದಾರರ ಜೀವನೋಪಾಯವಾಗಿದೆ. ನಾಲ್ಕಾರು ಮಾಲಿಗಳು, ಒಂದೆರಡು ಹುಲ್ಲು ಕತ್ತರಿಸುವ ಯಂತ್ರಗಳು, ಒಂದು ಗೂಡ್ಸ್ ಆಟೋ ಇದ್ದರೆ ಉದ್ಯಮವನ್ನು ಆರಂಭಿಸಬಹುದು. ಆದರೆ ಕೆಲಸ ಚೆನ್ನಾಗಿ ಬಲ್ಲವರೂ ಈ ಕ್ಷೇತ್ರದಲ್ಲಿ ಕೈಸುಟ್ಟುಕೊಳ್ಳುವುದುಂಟು. ಹುಲ್ಲು ಬೆಳೆಯುವ ಕಾಲಕ್ಕೂ ಬಿಲ್ಲು ಸಲ್ಲಿಸುವ ಕಾಲಕ್ಕೂ ಹೊಂದಾಣಿಕೆ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು ಭರದಿಂದ ಬೆಳೆಯುತ್ತದೆ. ಒಂದು ಬಾರಿಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಹುಲ್ಲು ಸೊರಗುವುದರಿಂದ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಂತ್ರ ಓಡಿಸಬೇಕಾಗುತ್ತದೆ. ಕೊನ್ನಾರಿ ಗಡ್ಡೆಯಂತಹ ಕಳೆಗಳ ಉಪದ್ರವವೂ ಆಗಲೇ ಹೆಚ್ಚು. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಕತ್ತರಿಸಿದರೂ ಸಾಕಾಗಬಹುದು. ಮಾಲಿಗಳ ಸಂಬಳವಾದರೋ ಹನ್ನೆರಡು ತಿಂಗಳೂ ಒಂದೇ. ಆದಕಾರಣ ವರ್ಷದ ಮೊತ್ತವನ್ನು ಹನ್ನೆರಡು ಸಮಾನ ಕಂತುಗಳಾಗಿ ಹಂಚುವುದು ಉಭಯ ಪಕ್ಷಗಳಿಗೂ ಅನುಕೂಲ. ಆದರೆ ಜನವರಿಯಲ್ಲಿ ಒಮ್ಮೆ ಮಾತ್ರ ಯಂತ್ರದ ಸದ್ದು ಕೇಳಿದ ಗ್ರಾಹಕರು ಪೂರ್ಣ ಬಿಲ್ಲನ್ನು ಕಂಡು ಹುಬ್ಬೇರಿಸುವುದು ಸಹಜ. ಜುಲೈನಲ್ಲಿ ನಾಲ್ಕು ಬಾರಿ ಕತ್ತರಿಸಿದ್ದನ್ನು ಅಷ್ಟರಲ್ಲಿ ಅವರು ಮರೆತಿರುತ್ತಾರೆ.

ಸಮಾನ ಕಂತಿನಲ್ಲಿ ಅಡಗಿರುವ ಅಪಾಯವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ವರ್ಷಕ್ಕೆ 2,40,000 ರೂಪಾಯಿಯ ಗುತ್ತಿಗೆ, ತಿಂಗಳ ಕಂತು 20,000 ಎಂದಿಟ್ಟುಕೊಳ್ಳೋಣ. ಮಳೆಗಾಲದ ಐದು ತಿಂಗಳಲ್ಲಿ 20, ನವೆಂಬರ್, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 6, ಉಳಿದ ನಾಲ್ಕು ತಿಂಗಳಲ್ಲಿ 4, ಹೀಗೆ ಒಟ್ಟು 30 ಕಟಾವುಗಳು. ಲೆಕ್ಕ ಸರಳವಾಗಲೆಂದು ಕಟಾವನ್ನಷ್ಟೇ ಪರಿಗಣಿಸಿದರೆ ಒಂದಕ್ಕೆ 8,000 ರೂಪಾಯಿ ಬೀಳುತ್ತದೆ. ಜೂನ್‌ನಲ್ಲಿ ಆರಂಭಿಸಿದ ಗ್ರಾಹಕರು ಅಕ್ಟೋಬರ್ ಕೊನೆಗೆ ಗುತ್ತಿಗೆ ನಿಲ್ಲಿಸಿದರೆ, ಅವರು ಪಡೆದ ಕೆಲಸ 1,60,000 ರೂಪಾಯಿಯದು, ಕೊಟ್ಟ ಹಣ 1,00,000. ಮಿಕ್ಕ 60,000 ರೂಪಾಯಿ ಗುತ್ತಿಗೆದಾರನ ತಲೆಯ ಮೇಲೆ. ಡಿಸೆಂಬರ್‌ನಲ್ಲಿ ಆರಂಭಿಸಿ ಮಾರ್ಚ್ ಕೊನೆಗೆ ಬಿಟ್ಟವರು 32,000 ರೂಪಾಯಿಯ ಕೆಲಸಕ್ಕೆ 80,000 ತೆತ್ತಿರುತ್ತಾರೆ. ಅವರ ಅಸಮಾಧಾನವೂ ನ್ಯಾಯವೇ. ಆದ್ದರಿಂದ ನಡುವೆ ಗುತ್ತಿಗೆ ಮುಗಿದಲ್ಲಿ ಮಾಡಿದ ಕೆಲಸಕ್ಕೂ ಪಾವತಿಯಾದ ಕಂತುಗಳಿಗೂ ಇರುವ ವ್ಯತ್ಯಾಸವನ್ನು ಯಾರು ಯಾರಿಗೆ ಕೊಡಬೇಕೆಂಬುದನ್ನು ಒಪ್ಪಂದದಲ್ಲಿಯೇ ಬರೆಯತಕ್ಕದ್ದು. ತಿಂಗಳುವಾರು ಕೆಲಸದ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಿ, ಪ್ರತಿ ಬಿಲ್ಲಿನಲ್ಲಿಯೂ ಆ ತಿಂಗಳು ನಡೆದ ಕೆಲಸವನ್ನು ನಮೂದಿಸಿದರೆ ಚಳಿಗಾಲದ ಜಗಳಗಳು ಬಹುಮಟ್ಟಿಗೆ ತಪ್ಪುತ್ತವೆ.

ಬೇಸಿಗೆಯ ದೂರುಗಳದ್ದು ಬೇರೆಯೇ ಬಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ನೀರಿಲ್ಲದೆ ಹುಲ್ಲು ಹಳದಿಯಾದರೆ ಹೊಣೆ ಯಾರದು? ನೀರು ಒದಗಿಸುವ ಜವಾಬ್ದಾರಿ ಯಾರದೆಂದು ಕಾಗದದಲ್ಲಿ ಇರದಿದ್ದರೆ, ದೂರು ನೇರವಾಗಿ ಗುತ್ತಿಗೆದಾರನ ಬಿಲ್ಲಿನ ಮೇಲೆ ಬೀಳುತ್ತದೆ. ಸಂಸ್ಕರಿಸಿದ ನೀರಿನ ಪೂರೈಕೆ, ಅದರ ಟ್ಯಾಂಕರ್ ವೆಚ್ಚ, ಒಣಗಿದ ಭಾಗಕ್ಕೆ ಹೊಸ ಹುಲ್ಲು ಹಾಕುವ ದರ, ಇವೆಲ್ಲವನ್ನೂ ಫೆಬ್ರವರಿಗೆ ಮುನ್ನವೇ ಮಾತನಾಡಿ ಬರೆದಿಡುವುದು ಒಳಿತು.

ದೂರು ಬಂದೊಡನೆ ಮಾಲೀಕರೇ ಸ್ಥಳಕ್ಕೆ ಹೋಗಿ ನೋಡಬೇಕು. ಮಾಲಿಯನ್ನು ಕಳುಹಿಸಿ ಸಮಾಧಾನ ಹೇಳಿಸುವುದರಿಂದ ಕೋಪ ಇಳಿಯುವುದಿಲ್ಲ. ಬೇರುಹುಳು, ಶಿಲೀಂಧ್ರ, ನೀರಿನ ಅಭಾವ ಇವುಗಳಲ್ಲಿ ಯಾವುದು ಕಾರಣವೆಂದು ತಿಳಿಸಿ, ಸರಿಪಡಿಸುವ ದಿನಾಂಕವನ್ನು ಲಿಖಿತವಾಗಿ ನೀಡಬೇಕು. ತಪ್ಪು ತನ್ನದಾಗಿದ್ದಲ್ಲಿ ಕ್ರೆಡಿಟ್ ನೋಟ್ ಕೊಡುವುದೇ ಸರಿಯಾದ ದಾರಿ. ಜಿಎಸ್‌ಟಿ ನೋಂದಣಿ ಇರುವವರು ಸಾಮಾನ್ಯವಾಗಿ ಹಣ ಕೈಸೇರುವ ಮೊದಲೇ ಬಿಲ್ಲಿನ ಆಧಾರದಲ್ಲಿ ತೆರಿಗೆ ಕಟ್ಟಬೇಕಾಗುವುದರಿಂದ, ಬಾಯಿಮಾತಿನ ರಿಯಾಯಿತಿಯು ಎರಡು ಪಟ್ಟು ಹೊರೆಯಾಗುತ್ತದೆ.

ಗ್ರಾಹಕರ ಆಕ್ಷೇಪಣೆಗೂ ಕಾನೂನಿನಲ್ಲಿ ಅವಧಿಯುಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೇವೆ ಸಲ್ಲಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಸೇವೆಯನ್ನು ಒಪ್ಪಿಕೊಂಡಂತೆಯೇ ಸರಿ. ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಇದರ ಪ್ರಯೋಜನ ಪಡೆಯಲು ಗುತ್ತಿಗೆಗೆ ಸಹಿ ಹಾಕುವ ಮೊದಲೇ ಉದ್ಯಮ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. 2023ರ ಹಣಕಾಸು ಕಾಯ್ದೆಯು ತಂದ ಬದಲಾವಣೆಯಿಂದಾಗಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಹಣ ಕೊಡದ ಕಂಪನಿಗಳು ಆ ವೆಚ್ಚವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದು. ಹೀಗಾಗಿ ಮಾರ್ಚ್ ಸಮೀಪಿಸುತ್ತಿದ್ದಂತೆ ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೆ ಬರೆಯುವ ಜ್ಞಾಪನಾ ಪತ್ರಕ್ಕೆ ತೂಕವಿದೆ. ಆದರೆ ವ್ಯಾಪಾರದ ಆದಾಯ ತೋರಿಸದ ನಿವಾಸಿಗಳ ಸಂಘಗಳಿಗೆ ಈ ತೆರಿಗೆಯ ಬಿಸಿ ತಟ್ಟದು. ಅವರಿಂದ ಎರಡು ತಿಂಗಳ ಮುಂಗಡವನ್ನು ಜೂನ್‌ಗೆ ಮೊದಲೇ ಪಡೆಯುವುದು ಲೇಸು.