ಇನ್‌ಹೇಲರ್‌ನಲ್ಲಿ ಸ್ಟಿರಾಯ್ಡ್ ಇದೆ, ನಿಜ. ಎಷ್ಟಿದೆ?

"ಇನ್‌ಹೇಲರ್‌ನಲ್ಲಿ ಸ್ಟಿರಾಯ್ಡ್ ಇದೆ, ಒಮ್ಮೆ ಹಿಡಿದರೆ ಬಿಡಲಾಗದು, ಮಾತ್ರೆಯೇ ವಾಸಿ" ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಭಾಗ ಮಾತ್ರ ನಿಜ.

ಅಸ್ತಮಾ ತಡೆಯುವ ಇನ್‌ಹೇಲರ್‌ಗಳಲ್ಲಿ ಬುಡೆಸೊನೈಡ್‌ನಂತಹ ಸ್ಟಿರಾಯ್ಡ್ ಇರುತ್ತದೆ. ದೊಡ್ಡವರಿಗೆ ಕಡಿಮೆ ಡೋಸ್ ಎಂದರೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯೂ ಸ್ಟಿರಾಯ್ಡೇ; ಅದರ ಡೋಸ್ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ ಇರಬಹುದು. ಔಷಧಗಳು ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೆ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ, ಇನ್‌ಹೇಲರ್ ಬಹುಮಟ್ಟಿಗೆ ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ.

ಇದು ಚಟವೂ ಅಲ್ಲ. ನಿಲ್ಲಿಸಿದಾಗ ಉಬ್ಬಸ ಮರಳುವುದು ಕಾಯಿಲೆ ಒಳಗೇ ಇರುವುದರಿಂದ. ತಡೆಯುವ ಇನ್‌ಹೇಲರ್ ಬಿಟ್ಟು, ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲ್ ಎಳೆಯುವವರಿಗೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಶ್ವಾಸನಾಳದ ಉರಿಯೂತ ಹಾಗೇ ಉಳಿಯುತ್ತದೆ. ಜೀವಕ್ಕೇ ಕುತ್ತಾಗುವ ಉಬ್ಬಸದ ಅಪಾಯ ಹೆಚ್ಚುವುದು ಇಲ್ಲೇ.

ಅಡ್ಡಪರಿಣಾಮ ಇಲ್ಲವೆಂದು ನಾವು ಹೇಳುತ್ತಿಲ್ಲ. ಸ್ಟಿರಾಯ್ಡ್ ಇನ್‌ಹೇಲರ್‌ನಿಂದ ಧ್ವನಿ ಒರಟಾಗಬಹುದು, ಬಾಯಲ್ಲಿ ಬಿಳಿ ಶಿಲೀಂಧ್ರ ಬೆಳೆಯಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಸಾಲ್ಬುಟಮಾಲ್‌ನಿಂದ ಕೈ ನಡುಗಬಹುದು, ಎದೆ ಡವಗುಟ್ಟಬಹುದು.

ನಿಜಕ್ಕೂ ಕಣ್ಣಿಡಬೇಕಾದದ್ದು ಮಾಂಟೆಲುಕಾಸ್ಟ್ ಮೇಲೆ. ಅದು ಸ್ಟಿರಾಯ್ಡ್ ಅಲ್ಲ, ಬರೀ ಮಾತ್ರೆ ಎಂದು ಯಾರೂ ಹೆದರುವುದಿಲ್ಲ! ಆದರೆ ಕೆಲವರಲ್ಲಿ ದುಃಸ್ವಪ್ನ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡದ್ದರಿಂದ ಅಮೆರಿಕದ ಎಫ್‌ಡಿಎ 2020ರಲ್ಲಿ ಇದಕ್ಕೆ ಅತಿ ಗಂಭೀರ ಮಟ್ಟದ ಎಚ್ಚರಿಕೆ ಹಾಕಿಸಿತು. ಈ ಮಾತ್ರೆ ಶುರುವಾದ ಮೇಲೆ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಸ್ವಭಾವ ಬದಲಾದಂತೆ ಕಂಡರೆ, ತಕ್ಷಣ ವೈದ್ಯರಿಗೆ ತಿಳಿಸಿ.