ಕಂಪ್ಯೂಟರ್ ಪೆಟ್ಟಿಗೆ: ಅಂದಕ್ಕಿಂತ ಗಾಳಿ ಮುಖ್ಯ

"ಉಮ್ಮಾ, ಕಂಪ್ಯೂಟರ್ ಕಚ್ತದೆ!"

ಐದು ವರ್ಷದ ಮಗ ಕೈ ಕೊಡವುತ್ತಾ ಓಡಿ ಬಂದಾಗ ನಾನು ನಕ್ಕುಬಿಟ್ಟೆ. ಆಮೇಲೆ ಬರಿಗಾಲಲ್ಲೇ ಹೋಗಿ ಪೆಟ್ಟಿಗೆಯ ಹಿಂಬದಿಯ ತಗಡನ್ನು ಮುಟ್ಟಿದೆ. ನನ್ನ ಬೆರಳೂ ಜುಮ್ಮೆಂದಿತು. ಮಗಳ ಓದಿಗೆಂದು ತಂದಿದ್ದ ಹೊಸ ಕಂಪ್ಯೂಟರ್ ಅದು. ಅಂಗಡಿಯಲ್ಲಿ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂದೆಲ್ಲಾ ವಿಚಾರಿಸಿದ್ದ ನಾವು, ಕ್ಯಾಬಿನೆಟನ್ನು ಮಾತ್ರ ಬಣ್ಣದ ದೀಪ ನೋಡಿ ಆರಿಸಿದ್ದೆವು.

ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದಾಗ ತಿಳಿದದ್ದು, ಆ ಪ್ಲಗ್ ಪಾಯಿಂಟಿಗೆ ಅರ್ತಿಂಗ್ ಇರಲೇ ಇಲ್ಲ! ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ಅತ್ಯಲ್ಪ ವಿದ್ಯುತ್ ಲೋಹದ ಪೆಟ್ಟಿಗೆಗೆ ಸೋರುವುದು ಸಹಜ. ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಮೂಲಕ ಇಳಿಯುತ್ತದೆ. ಒಳಗೆ ಏನಾದರೂ ಕೆಟ್ಟು ಪೂರ್ಣ ವಿದ್ಯುತ್ ತಗಡಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನನ್ನು ಎಂದಿಗೂ ಮುರಿಯಬೇಡಿ, ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಬೇಡಿ.

ತಪ್ಪು ಗೋಡೆಯದಾಗಿತ್ತು, ನಿಜ. ಆದರೆ ಅಂದಿನಿಂದ ನಾನು ಆ ಪೆಟ್ಟಿಗೆಯನ್ನು ಗಮನಿಸಿ ನೋಡತೊಡಗಿದೆ.

ಅಳತೆ ಹೊಂದಬೇಕು

ಮನೆಗಳಲ್ಲಿ ಈ ಪೆಟ್ಟಿಗೆಯನ್ನೇ ಸಿಪಿಯು ಎನ್ನುವುದುಂಟು. ನಿಜವಾದ ಸಿಪಿಯು ಒಳಗಿರುವ ಸಣ್ಣ ಚಿಪ್. ಅದು ಕೂರುವ ಮದರ್‌ಬೋರ್ಡಿಗೆ ನಿಶ್ಚಿತ ಅಳತೆಗಳಿವೆ. 1995ರಲ್ಲಿ ಇಂಟೆಲ್ ಕಂಪೆನಿ ರೂಪಿಸಿದ ಎಟಿಎಕ್ಸ್ ಮಾದರಿಯ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೋ ಎಟಿಎಕ್ಸ್ ಗರಿಷ್ಠ 244 ಮಿ.ಮೀ. ಚೌಕ. ಮಿನಿ ಐಟಿಎಕ್ಸ್ ಕೇವಲ 170 ಮಿ.ಮೀ. ಚೌಕ. ಓದು, ಟೈಪಿಂಗ್, ಲೆಕ್ಕಪತ್ರಗಳಿಗೆ ಮೈಕ್ರೋ ಎಟಿಎಕ್ಸ್ ಧಾರಾಳ ಸಾಕು. ದೊಡ್ಡ ಪೆಟ್ಟಿಗೆಗೆ ಸಣ್ಣ ಬೋರ್ಡ್ ಹಿಡಿಸುತ್ತದೆ, ಸಣ್ಣದಕ್ಕೆ ದೊಡ್ಡದು ಹಿಡಿಸದು.

ಗಾಳಿಯ ದಾರಿ

ಕ್ಯಾಬಿನೆಟಿನ ಮುಖ್ಯ ಕೆಲಸ ಒಳಗಿನ ಬಿಸಿಯನ್ನು ಹೊರಹಾಕುವುದು. ಮುಂಭಾಗದಿಂದ ತಂಪು ಗಾಳಿ ಒಳಬಂದು, ಹಿಂದಿನಿಂದ ಅಥವಾ ಮೇಲಿನಿಂದ ಬಿಸಿ ಗಾಳಿ ಹೊರಹೋಗಬೇಕು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ್ದು ಬದಿಯಲ್ಲೂ ಸಾಕಷ್ಟು ಕಿಂಡಿ ಇಲ್ಲದಿದ್ದರೆ ಗಾಳಿ ಬರುವುದೆಲ್ಲಿಂದ? ಜಾಲರಿ ಮುಂಭಾಗ ಅಷ್ಟು ಚಂದ ಕಾಣದಿರಬಹುದು, ಆದರೆ ನಮ್ಮ ಸೆಕೆಗೆ ಅದೇ ಹಿತ. 120 ಮಿ.ಮೀ. ಫ್ಯಾನ್ 80 ಮಿ.ಮೀ.ನದಕ್ಕಿಂತ ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ. ಹಾಗಾಗಿ ಸದ್ದೂ ಕಡಿಮೆ. ಜಾಲರಿಯ ಹಿಂದೆ ಸುಲಭವಾಗಿ ತೆಗೆದು ತೊಳೆಯಬಹುದಾದ ಧೂಳು ತಡೆಯುವ ಫಿಲ್ಟರ್ ಇದೆಯೇ ಎಂದು ನೋಡಿ.

ಬಿಸಿ ಹೆಚ್ಚಾದರೆ ಕಂಪ್ಯೂಟರ್ ತಾನಾಗಿ ನಿಧಾನವಾಗುತ್ತದೆ, ಮಿತಿಮೀರಿದರೆ ಆಫ್ ಆಗುತ್ತದೆ. ಮಗಳು ಉಳಿಸಿರದ ಪ್ರಾಜೆಕ್ಟ್ ಅಲ್ಲಿಗೆ ಮಾಯ!

ತಗಡು, ಗಾಜು, ಗುಂಡಿ

ಅಂಗಡಿಯಲ್ಲೇ ಪಕ್ಕದ ಬಾಗಿಲನ್ನು ತೆಗೆಸಿ. ತಗಡನ್ನು ಮೆಲ್ಲಗೆ ಒತ್ತಿದರೆ ಬಾಗುತ್ತದೆಯೇ? ಒಳಗಿನ ಅಂಚುಗಳನ್ನು ಮಡಚಿದ್ದಾರೆಯೇ, ಅಥವಾ ಬೆರಳು ಕೊಯ್ಯುವಂತಿವೆಯೇ? ಹಿಂಬದಿಯ ಖಾಲಿ ಕಿಂಡಿಗಳಿಗೆ ಮುಚ್ಚಳವಿದೆಯೇ? ಇಲ್ಲದಿದ್ದರೆ ಇರುವೆ, ಹಲ್ಲಿಗಳಿಗೆ ಅದೇ ಬೆಚ್ಚಗಿನ ಮನೆಯಾದೀತು.

ಗಾಜಿನ ಬಾಗಿಲಿದ್ದರೆ ಎಚ್ಚರ. ತೆಗೆದ ಗಾಜನ್ನು ಟೈಲ್ಸ್ ನೆಲದ ಮೇಲೆ ನಿಲ್ಲಿಸಬೇಡಿ. ಅದರ ಅಂಚು ಟೈಲ್ಸಿಗೆ ತಾಗಿದರೆ ಇಡೀ ಗಾಜು ಚೂರುಚೂರಾಗಬಹುದು. ದಪ್ಪ ಬಟ್ಟೆಯ ಮೇಲೆ ಮಲಗಿಸಿಡಿ. ಪವರ್ ಬಟನ್, ಯುಎಸ್‌ಬಿ ಕಿಂಡಿಗಳು ನೆತ್ತಿಯ ಮೇಲಿದ್ದರೆ ಧೂಳು, ಚೆಲ್ಲಿದ ಚಹಾ ಎರಡೂ ಅಲ್ಲಿಗೇ ಇಳಿಯುತ್ತವೆ. ಮಕ್ಕಳಿರುವ ಮನೆಗೆ ಮುಂಭಾಗದಲ್ಲಿರುವುದೇ ವಾಸಿ.

ಕ್ಯಾಬಿನೆಟಿನ ಜೊತೆ ಬಿಟ್ಟಿಯಾಗಿ ಬರುವ ಎಸ್‌ಎಂಪಿಎಸ್‌ಗೆ ಮರುಳಾಗಬೇಡಿ. ದೀಪ, ಗಾಜಿಗೆ ಕೊಡುವ ಹಣವನ್ನು ಉಳಿಸಿ '80 ಪ್ಲಸ್' ಗುರುತಿರುವ ಒಳ್ಳೆಯ ಕಂಪೆನಿಯದನ್ನು ಕೊಳ್ಳಿ. ಪಡೆದ ವಿದ್ಯುತ್ತಿನಲ್ಲಿ ಕನಿಷ್ಠ ಶೇಕಡಾ 80ರಷ್ಟನ್ನಾದರೂ ಅದು ಕೆಲಸಕ್ಕೆ ಒದಗಿಸುತ್ತದೆ ಎಂಬುದು ಆ ಗುರುತಿನ ಅರ್ಥ.

ಮನೆಗೆ ತಂದ ಮೇಲೆ

ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡದೆ ಒಂದು ಗೇಣು ಜಾಗ ಬಿಡಿ. ಜಮಖಾನೆಯ ಮೇಲಿಟ್ಟರೆ ಅಡಿಯ ಗಾಳಿಕಿಂಡಿ ಮುಚ್ಚುತ್ತದೆ, ಗಟ್ಟಿ ಸ್ಟೂಲ್ ಮೇಲಿಡಿ. ಕಸೂತಿಯ ಹೊದಿಕೆ ಹಾಕುವ ಆಸೆಯಿದ್ದರೆ ಕಂಪ್ಯೂಟರ್ ಆಫ್ ಆದ ಮೇಲೆಯೇ ಹಾಕಿ. ಕೆಲವು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಜಾಲರಿಯ ಧೂಳು ತೆಗೆಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ನಮ್ಮ ಮನೆಯ ಪ್ಲಗ್ ಪಾಯಿಂಟಿಗೆ ಅರ್ತಿಂಗ್ ಹಾಕಿಸಿ ಆಯಿತು. ಮಗ ಈಗಲೂ ಪೆಟ್ಟಿಗೆಯ ಹತ್ತಿರ ಹೋಗುವ ಮೊದಲು ನನ್ನ ಮುಖ ನೋಡುತ್ತಾನೆ. ನಾನು ಮೊದಲು ಮುಟ್ಟಿ ತೋರಿಸುತ್ತೇನೆ. ನೀವೂ ಈ ಲೇಖನ ಓದಿ ಮುಗಿಸಿದೊಡನೆ, ಮನೆಯ ಕಂಪ್ಯೂಟರ್ ಸಿಕ್ಕಿಸಿರುವ ಪ್ಲಗ್ ಪಾಯಿಂಟನ್ನು ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸುವ ಏರ್ಪಾಡು ಮಾಡಿ.